ಸೇರುವ ಕಟ್ಟೆ ಯಾರ ಸೊತ್ತು?

2023ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವು ಸುಪ್ರೀಮ್ ಕೋರ್ಟಿಗೆ ಒಂದು ಮಾತನ್ನು ಬರೆದುಕೊಟ್ಟಿತು. ಗಂಡು ಗಂಡನ್ನೂ ಹೆಣ್ಣು ಹೆಣ್ಣನ್ನೂ ಮದುವೆಯಾಗುವ ಹಕ್ಕನ್ನು ಕೇಳುವುದು ನಗರದ ಮೇಲ್ವರ್ಗದ ಕೆಲವರ ಅಭಿಪ್ರಾಯವೇ ಹೊರತು ದೇಶದ ಜನತೆಯದಲ್ಲವೆಂಬುದು ಆ ಮಾತಿನ ತಾತ್ಪರ್ಯ. ಹಾಗೆಂದು ತೋರಿಸುವ ಅಂಕಿ ಅಂಶ ಸರ್ಕಾರದ ಬಳಿ ಇಲ್ಲವೆಂದು ಅಂದಿನ ಮುಖ್ಯ ನ್ಯಾಯಾಧೀಶ ಚಂದ್ರಚೂಡರು ವಿಚಾರಣೆಯ ಕಾಲದಲ್ಲೇ ಹೇಳಿದರು. ಆದರೂ ಅದೇ ವರ್ಷದ ಅಕ್ಟೋಬರ್ 17ರಂದು ಕೋರ್ಟು ಮದುವೆಯ ಹಕ್ಕನ್ನು ಕೊಡಲೊಪ್ಪಲಿಲ್ಲ. ತೀರ್ಪು ಹೊರಬಿತ್ತು. ಅಪವಾದ ಮಾತ್ರ ಉಳಿಯಿತು.

ಸರ್ಕಾರದ ಅಪವಾದ ಇಂಗ್ಲಿಷಿನಲ್ಲಿತ್ತು. ಅದೇ ಅಪವಾದ ನಮ್ಮ ಚಹದಂಗಡಿಗಳಲ್ಲಿ, ಗಿರಣಿಯ ಗೇಟಿನ ಬಳಿ, ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ಕನ್ನಡದಲ್ಲಿ ಕೇಳಿಬರುತ್ತದೆ. “ಇದೆಲ್ಲ ಮೊಬೈಲು ಬಂದ ಮೇಲೆ ಹುಟ್ಟಿದ ಪಿಡುಗು. ನಮ್ಮ ಕಾಲದಲ್ಲಿ ಇದೆಲ್ಲಿತ್ತು? ದುಡ್ಡಿದ್ದವರ ಮಕ್ಕಳ ಶೋಕಿ.” ಹೀಗೆನ್ನುವವರಲ್ಲಿ ನಮ್ಮ ಸಂಗಾತಿಗಳೂ ಇದ್ದಾರೆ. ಸರ್ಕಾರದ ವಕೀಲರ ಮಾತನ್ನೇ ತಾವು ಆಡುತ್ತಿದ್ದೇವೆಂಬ ಅರಿವಿಲ್ಲದೆ ಇವರು ಆಡುತ್ತಾರೆ. ಆದುದರಿಂದ ಈ ಮಾತನ್ನು ಈ ವಾರ ತಕ್ಕಡಿಗೆ ಹಾಕಿ ತೂಗಿಬಿಡೋಣ. ಇದರಲ್ಲಿರುವುದು ಎರಡು ಆರೋಪ. ಒಂದು, ಸಲಿಂಗಪ್ರೇಮ ಅಂತರಜಾಲದಿಂದ ಬಂದದ್ದು. ಎರಡು, ಅದು ಉಳ್ಳವರ ಸಂಗತಿ. ಮೊದಲನೆಯದು ಶುದ್ಧ ಸುಳ್ಳು. ಎರಡನೆಯದು ಸುಳ್ಳಾದರೂ ಅದು ನಿಜದಂತೆ ಕಾಣುವುದಕ್ಕೆ ಒಂದು ಕಾರಣವಿದೆ. ಆ ಕಾರಣವನ್ನು ದುಡಿಯುವ ಜನ ಅರಿಯತಕ್ಕದ್ದು ಅವಶ್ಯ.

ಕಾಯಿದೆ ಮೊದಲೋ, ಮೊಬೈಲು ಮೊದಲೋ?

ಇಲ್ಲದ ಕಳ್ಳನಿಗೆ ಯಾರಾದರೂ ಸೆರೆಮನೆ ಕಟ್ಟಿಸುತ್ತಾರೆಯೇ? ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯಲ್ಲಿ 377ನೆಯ ಕಲಮನ್ನಿಟ್ಟು ಇಂಥ ಸಂಬಂಧಕ್ಕೆ ಆಜೀವ ಕಾರಾಗೃಹದವರೆಗೆ ಶಿಕ್ಷೆಯನ್ನು ಗೊತ್ತುಮಾಡಿದರು. ಆಗ ಅಂತರಜಾಲದ ಮಾತಿರಲಿ, ನಮ್ಮಲ್ಲಿ ಟೆಲಿಫೋನು ಕೂಡ ಇರಲಿಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅದಕ್ಕೆ ಎಂಟು ವರ್ಷ ಮೊದಲೇ, 1987ರಲ್ಲಿ, ಮಧ್ಯಪ್ರದೇಶದ ಪೊಲೀಸು ಪಡೆಯ ಇಬ್ಬರು ಮಹಿಳೆಯರು ಪರಸ್ಪರ ಮದುವೆಯಾದರು. ಇಲಾಖೆ ಇಬ್ಬರನ್ನೂ ಕೆಲಸದಿಂದ ತೆಗೆದುಹಾಕಿತು. ಅವರು ಸಿರಿವಂತರ ಮನೆಯ ಹೆಣ್ಣುಮಕ್ಕಳಲ್ಲ, ಸಂಬಳಕ್ಕೆ ದುಡಿಯುವ ಕಾನ್‌ಸ್ಟೇಬಲ್ಲುಗಳು. ಅದಕ್ಕೂ ಹತ್ತು ವರ್ಷ ಹಿಂದೆ, 1977ರಲ್ಲಿ, ಈ ಜನರ ಬಾಳನ್ನು ಕುರಿತು ಒಂದು ಇಡೀ ಪುಸ್ತಕವನ್ನು ಇಂಗ್ಲಿಷಿನಲ್ಲಿ ಬರೆದವರು ಯಾರು ಬಲ್ಲಿರಾ? ಬೆಂಗಳೂರಿನಲ್ಲಿ ಹುಟ್ಟಿದ, ಬಾಯಿಲೆಕ್ಕದಲ್ಲಿ ಜಗತ್ತನ್ನು ಬೆರಗುಗೊಳಿಸಿದ ಶಕುಂತಲಾ ದೇವಿ.

ಇನ್ನೂ ಹಿಂದಕ್ಕೆ ಹೋಗೋಣ. ಜರ್ಮನಿಯಲ್ಲಿಯೂ ಇಂಥದೇ ಕಾಯಿದೆಯಿತ್ತು. 1898ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಎದ್ದು ನಿಂತು ಅದನ್ನು ರದ್ದುಮಾಡಿರೆಂದು ಕೇಳಿದವರು ಆಗಸ್ಟ್ ಬೆಬೆಲ್. ಅವರು ಸಿರಿವಂತರ ಪ್ರತಿನಿಧಿಯಾಗಿರಲಿಲ್ಲ. ಕಟ್ಟಿಗೆ ಕಡೆಯುವ ಕಸುಬಿನಿಂದ ಬಂದ, ಜರ್ಮನಿಯ ಕಾರ್ಮಿಕರ ಸಮಾಜವಾದಿ ಪಕ್ಷದ ನಾಯಕರು. ಇದರಲ್ಲಿ ಎಲ್ಲ ವರ್ಗದ ಜನರೂ ಇದ್ದಾರೆ, ಕಾಯಿದೆಯನ್ನು ನೆಟ್ಟಗೆ ಜಾರಿಮಾಡಿದರೆ ಇರುವ ಸೆರೆಮನೆಗಳು ಸಾಲವು ಎಂಬುದು ಅವರ ವಾದದ ಸಾರ. ಸಮಾಜವಾದಿಗಳಿಗೆ ಇದು ಹೊಸ ವಿಷಯವೆನ್ನುವವರು ತಮ್ಮ ಮನೆಯ ಚರಿತ್ರೆಯನ್ನೇ ಓದಿಲ್ಲ.

ರೋಗವೆನ್ನುವ ಮಾತಿಗೂ ಉತ್ತರ ಸಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಇದು ಕಾಯಿಲೆಯಲ್ಲವೆಂದು 2018ರಲ್ಲಿ ಭಾರತದ ಮನೋವೈದ್ಯರ ಸಂಘವೇ ಹೇಳಿತು. ಇದನ್ನು “ಗುಣಪಡಿಸುತ್ತೇನೆ” ಎಂದು ಹೊರಡುವ ವೈದ್ಯನು ವೃತ್ತಿಗೆ ದ್ರೋಹ ಮಾಡುತ್ತಾನೆಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಿಳಿಸಿತು. ಹೀಗಿದ್ದೂ ಗೋಡೆಯ ಮೇಲೆ ಜಾಹೀರಾತು ಬರೆಸಿ, ಹೆತ್ತವರ ಭಯವನ್ನು ಹಣವಾಗಿ ಮಾರ್ಪಡಿಸುವವರು ಇದ್ದಾರೆ. ಅವರ ಬಳಿಗೆ ಮಗನನ್ನೋ ಮಗಳನ್ನೋ ಎಳೆದೊಯ್ಯುವ ಮುನ್ನ ಈ ಮೂರು ಮಾತನ್ನು ನೆನೆಯಿರಿ.

ಹಸಿವು ಬೇರೆ, ಸಂಘ ಬೇರೆ

ಹಾಗಾದರೆ ಅಂತರಜಾಲದಿಂದ ಏನೂ ಆಗಲಿಲ್ಲವೇ? ಆಯಿತು, ಬಹಳ ಆಯಿತು. ಏನಾಯಿತೆಂಬುದನ್ನು ಗಿರಣಿಯ ಕೆಲಸಗಾರನಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅವನ ಬಾಳಿನಲ್ಲೇ ಅದರ ಹೋಲಿಕೆಯುಂಟು.

ಒಬ್ಬ ಕೆಲಸಗಾರನ ಕೂಲಿಯನ್ನು ಮೇಸ್ತ್ರಿ ಕಡಿಯುತ್ತಾನೆ. ಒಬ್ಬನೇ ಇದ್ದಾಗ ಅವನು ಏನೆಂದುಕೊಳ್ಳುತ್ತಾನೆ? ನನ್ನ ಹಣೆಬರಹ, ನನ್ನ ಕೈಯೇ ನಿಧಾನ, ನನ್ನಲ್ಲೇ ಏನೋ ಊನವಿದೆ ಎಂದುಕೊಳ್ಳುತ್ತಾನೆ. ಪಾಳಿ ಬಿಟ್ಟ ಮೇಲೆ ಗೇಟಿನ ಮುಂದಿನ ಕಟ್ಟೆಯ ಮೇಲೆ ನಾಲ್ಕು ಮಂದಿಯೊಡನೆ ಕೂತಾಗ ಪಕ್ಕದವನ ಕೂಲಿಯೂ ಕಡಿದಿದೆ, ಆಚೆಯವನದೂ ಕಡಿದಿದೆ ಎಂದು ಗೊತ್ತಾಗುತ್ತದೆ. ಅಂದು ಅವನ ಊನಕ್ಕೆ ಒಂದು ಹೆಸರು ಸಿಗುತ್ತದೆ: ಶೋಷಣೆ. ಅವನಿಗೂ ಒಂದು ಹೆಸರು ಸಿಗುತ್ತದೆ: ಕಾರ್ಮಿಕ. ಕಟ್ಟೆಯು ಅವನ ಹಸಿವನ್ನು ಹುಟ್ಟಿಸಲಿಲ್ಲ. ಹಸಿವು ಮೊದಲೇ ಇತ್ತು. ಕಟ್ಟೆಯಿಂದ ಹುಟ್ಟಿದ್ದು “ನಾವು” ಎಂಬ ಒಂದು ಪದ. ಸಂಘವು ಕೂಲಿಕಾರರನ್ನು ಕೆಡಿಸಿತೆಂದು ಮಾಲೀಕನು ದೂರುತ್ತಾನಲ್ಲವೆ, ಮೊಬೈಲು ಹುಡುಗರನ್ನು ಕೆಡಿಸಿತೆನ್ನುವ ದೂರೂ ಅದೇ ಜಾತಿಯದು.

ಮಿಲ್ಲಿನ ಸಾಲುಮನೆಯಲ್ಲಿ ಬೆಳೆದ ಹುಡುಗನೊಬ್ಬನು ತನ್ನ ಮನಸ್ಸು ಹುಡುಗರತ್ತಲೇ ಎಳೆಯುವುದನ್ನು ಹದಿನಾಲ್ಕನೆಯ ವಯಸ್ಸಿನಲ್ಲಿ ಅರಿಯುತ್ತಾನೆನ್ನಿ. ಅದನ್ನು ಹೇಳಲು ಅವನಿಗೆ ಯಾವ ಕನ್ನಡ ಪದ ಸಿಕ್ಕೀತು? ಅವನು ಕೇಳಿರುವುದೆಲ್ಲ ಬೈಗುಳವೇ. ಶಾಲೆಯಲ್ಲಿ ಬೈಗುಳ, ಗಿರಣಿಯಲ್ಲಿ ಬೈಗುಳ, ಸಿನಿಮಾದಲ್ಲಿ ನಗೆಯ ಪಾತ್ರ. ತನ್ನಂಥವನು ಲೋಕದಲ್ಲಿ ತಾನೊಬ್ಬನೇ ಎಂದುಕೊಂಡು ಬಾಯಿ ಹೊಲಿದುಕೊಳ್ಳುತ್ತಾನೆ. ಇಪ್ಪತ್ತೈದಕ್ಕೆ ಮನೆಯವರು ಹೆಣ್ಣು ಗೊತ್ತುಮಾಡುತ್ತಾರೆ. ಅಲ್ಲಿಗೆ ಒಂದು ಬಾಳಿನ ಬದಲು ಎರಡು ಬಾಳು ಹಾಳು. ಆ ಹೆಣ್ಣುಮಗಳು ತನ್ನಲ್ಲೇನು ಕೊರತೆಯೆಂದು ಮೂವತ್ತು ವರ್ಷ ಕಣ್ಣೀರಿಡುತ್ತಾಳೆ. “ನಮ್ಮ ಕಾಲದಲ್ಲಿ ಇದೆಲ್ಲಿತ್ತು” ಎಂದು ಕೇಳುವ ಹಿರಿಯರೇ, ನಿಮ್ಮ ಕಾಲದಲ್ಲಿ ಇದು ಹೀಗಿತ್ತು. ಆ ಬಾಳುಗಳ ಮೇಲೆ ನೀವು ಹೊದಿಸಿದ ಮೌನಕ್ಕೆ “ಇಲ್ಲ” ಎಂದು ಹೆಸರಿಟ್ಟಿರಿ.

ಇಂಗ್ಲಿಷಿನ ಕಟ್ಟೆ

ಈ ಜನಕ್ಕೆ ಅಂತರಜಾಲದ ಮೊದಲ ಕಟ್ಟೆ ಸಿಕ್ಕಿದ್ದು 1983ರಲ್ಲಿ, ಅಮೆರಿಕದಲ್ಲಿ. ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾಲಯಗಳ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿದ ಯೂಸ್‌ನೆಟ್ ಎಂಬ ವ್ಯವಸ್ಥೆಯಲ್ಲಿ ಸ್ಟೀವ್ ಡೈಯರ್ ಎಂಬಾತ ಒಂದು ಮಾತುಕತೆಯ ಬಳಗವನ್ನು ತೆರೆದ. ಅದರ ಹೆಸರು ನೆಟ್ ಡಾಟ್ ಮಾಟ್ಸ್. “ಒಂದೇ ಲಿಂಗದವರು” ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು. ಗೇ ಎಂಬ ಪದವಾಗಲಿ ಲೆಸ್ಬಿಯನ್ ಎಂಬ ಪದವಾಗಲಿ ಅದರಲ್ಲಿರಲಿಲ್ಲ. ಮುಂದುವರಿದ ದೇಶವೆನಿಸಿದ ಅಮೆರಿಕದಲ್ಲೂ ಹೆಸರನ್ನು ಹಾಗೆ ಮರೆಮಾಡಿ ಇಡಬೇಕಾದ ಕಾಲ ಅದು.

ಅಲ್ಲಿ ನೆಲೆಸಿದ್ದ ಭಾರತೀಯರು 1986ರಲ್ಲಿ ಕ್ಯಾಲಿಫೋರ್ನಿಯದಲ್ಲಿ ‘ತ್ರಿಕೋಣ’ ಎಂಬ ಸಂಘ ಕಟ್ಟಿ ಪತ್ರಿಕೆ ಹೊರಡಿಸಿದರು. 1990ರ ದಶಕದ ಆರಂಭದಲ್ಲಿ ದಕ್ಷಿಣ ಏಷ್ಯದವರಿಗಾಗಿಯೇ ‘ಖುಷ್’ ಎಂಬ ಇ-ಮೇಲ್ ಬಳಗ ಹುಟ್ಟಿತು. ನಮ್ಮ ದೇಶದೊಳಗೆ ಮುಂಬಯಿಯಿಂದ 1990ರಲ್ಲಿ ಅಶೋಕ್ ರಾವ್ ಕವಿಯವರು ‘ಬಾಂಬೆ ದೋಸ್ತ್’ ಪತ್ರಿಕೆಯನ್ನು ತೆಗೆದರು. ಬೆಂಗಳೂರಿನಲ್ಲಿ 1994ರಿಂದ ‘ಗುಡ್ ಆ್ಯಸ್ ಯು’ ಎಂಬ ಗುಂಪು ಗುರುವಾರಗಳಂದು ಸೇರತೊಡಗಿತು. 1998ರಲ್ಲಿ ‘ಗೇ ಬಾಂಬೆ’ ಎಂಬ ಜಾಲತಾಣ ಬಂತು.

ಇವು ಕೆಲಸ ಮಾಡಿದ ಬಗೆಯನ್ನು ಗಮನಿಸಬೇಕು. ಮೊದಲು ಒಬ್ಬನು ಬರಿದೆ ಓದುತ್ತಾನೆ, ಬರೆಯುವುದಿಲ್ಲ. ತಿಂಗಳುಗಟ್ಟಲೆ ಪರರ ಕಷ್ಟಸುಖವನ್ನು ಓದಿ, ಇದು ನನ್ನದೇ ಕಥೆಯಲ್ಲವೆ ಎಂದುಕೊಳ್ಳುತ್ತಾನೆ. ಆಮೇಲೆ ಸುಳ್ಳು ಹೆಸರಿನಲ್ಲಿ ಒಂದು ಸಾಲು ಬರೆಯುತ್ತಾನೆ. ಗುರುತಿಲ್ಲದವರಿಂದ ಉತ್ತರ ಬರುತ್ತದೆ. ಕೊನೆಗೊಂದು ದಿನ ಧೈರ್ಯಮಾಡಿ ಗುರುವಾರದ ಕೂಟಕ್ಕೆ ಹೋಗಿ ಬಾಗಿಲ ಬಳಿ ನಿಲ್ಲುತ್ತಾನೆ. ಓದುಗ, ಬರೆಯುವವ, ಬರುವವ, ಬಂದು ತನ್ನ ನಿಜ ಹೆಸರು ಹೇಳುವವ: ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮನುಷ್ಯನೊಬ್ಬನು ತನ್ನನ್ನು ತಾನು ಗುರುತಿಸಿಕೊಂಡ. ಇದನ್ನು “ಹಾಳಾಗುವುದು” ಎನ್ನುವವರು ಸಂಘದ ಸದಸ್ಯತ್ವದ ಚೀಟಿಗೆ ಮೊದಲ ಸಲ ಸಹಿ ಹಾಕಿದ ತಮ್ಮ ದಿನವನ್ನು ನೆನೆದುಕೊಳ್ಳಲಿ.

ಈ ಮೆಟ್ಟಿಲನ್ನೇರಲು ಏನೇನು ಬೇಕಾಗಿತ್ತು? ಇಂಗ್ಲಿಷು ಬೇಕು. ಕಂಪ್ಯೂಟರು ಬೇಕು, ಇಲ್ಲವೆ ಸೈಬರ್ ಅಂಗಡಿಗೆ ಗಂಟೆಯ ಲೆಕ್ಕದಲ್ಲಿ ಕೊಡಲು ದುಡ್ಡು ಬೇಕು. ಬೆನ್ನ ಹಿಂದೆ ಯಾರೂ ಇಣುಕದ ಒಂದು ಕೋಣೆ ಬೇಕು. ಊರು ಬಿಟ್ಟು ನಗರದಲ್ಲಿರುವ ಒಂದು ಉದ್ಯೋಗ ಬೇಕು. ಹತ್ತಡಿ ಕೋಣೆಯಲ್ಲಿ ಏಳು ಮಂದಿ ಮಲಗುವ ಮನೆಯ ಹುಡುಗನಿಗೆ ಇವುಗಳಲ್ಲಿ ಯಾವುದಿತ್ತು? ಯಾವುದೂ ಇರಲಿಲ್ಲ. ಅವನಿಗೆ ದೊರೆತದ್ದು ಬಸ್ ನಿಲ್ದಾಣದ ಕತ್ತಲೆ, ಪಾರ್ಕಿನ ಮೂಲೆ, ಮತ್ತು ಅಲ್ಲಿ ಲಾಠಿ ಹಿಡಿದು ಬರುವ ಪೊಲೀಸಿನವನ ಮಾಮೂಲು.

“ನಗರದ ಮೇಲ್ವರ್ಗ” ಎಂಬ ಸರ್ಕಾರದ ಮಾತಿನ ಒಳಗುಟ್ಟು ಇಲ್ಲಿದೆ. ಪ್ರೀತಿ ಎಲ್ಲ ವರ್ಗದಲ್ಲೂ ಇತ್ತು. ಕಟ್ಟೆ ಮಾತ್ರ ಒಂದು ವರ್ಗಕ್ಕೆ ಸಿಕ್ಕಿತು. ಕಟ್ಟೆ ಸಿಕ್ಕವರು ಮಾತಾಡಿದರು, ಮಾತಾಡಿದವರು ಕಂಡರು. ಸಿಗದವರು ಕಾಣಲಿಲ್ಲ. ಬಡವನಿಂದ ಕಟ್ಟೆಯನ್ನು ಕಸಿದುಕೊಂಡು, “ನೋಡಿ, ಕಟ್ಟೆಯ ಮೇಲೆ ಒಬ್ಬ ಬಡವನೂ ಇಲ್ಲ” ಎನ್ನುವುದು ಎಂಥ ನ್ಯಾಯ? 2013ರ ಡಿಸೆಂಬರ್ 11ರಂದು 377ನೆಯ ಕಲಮನ್ನು ಮತ್ತೆ ಊರ್ಜಿತಗೊಳಿಸಿದ ಸುಪ್ರೀಮ್ ಕೋರ್ಟು ಕೂಡ ಇವರು ಜನಸಂಖ್ಯೆಯಲ್ಲಿ ತೀರ ಅಲ್ಪವೆಂದೇ ಹೇಳಿತು. ಬಾಯಿಬಿಟ್ಟರೆ ಸೆರೆಮನೆಯೆಂದು ಹೆದರಿಸಿ ಆಮೇಲೆ ತಲೆಯೆಣಿಸಿದರೆ ಎಷ್ಟು ತಲೆ ಸಿಕ್ಕಾವು?

ಅದೇ ತಿಂಗಳ 15ರಂದು ಉತ್ತರ ಬಂತು. ನಾಲ್ಕೇ ದಿನಗಳಲ್ಲಿ ಅಂತರಜಾಲದ ಮೂಲಕ ಒಬ್ಬರನ್ನೊಬ್ಬರು ಕೂಗಿಕೊಂಡು ಬೆಂಗಳೂರೂ ಸೇರಿ ದೇಶವಿದೇಶಗಳ ಹಲವು ನಗರಗಳಲ್ಲಿ ಜನ ಬೀದಿಗಿಳಿದರು. 2018ರಲ್ಲಿ ಅದೇ ಕಲಮಿನ ವಿರುದ್ಧ ಕೋರ್ಟಿನ ಮೆಟ್ಟಿಲೇರಿದವರಲ್ಲಿ ಐಐಟಿಗಳಲ್ಲಿ ಓದಿದ 20 ಮಂದಿಯೂ ಇದ್ದರು. ಅವರನ್ನು ಒಂದುಗೂಡಿಸಿದ್ದು ‘ಪ್ರವೃತ್ತಿ’ ಎಂಬ ಬಳಗ. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲವೆಂದು ಐವರು ನ್ಯಾಯಾಧೀಶರು ತೀರ್ಪಿತ್ತರು. ಐಐಟಿಯವರು ಗೆದ್ದರೆಂದು ಹೊಟ್ಟೆಕಿಚ್ಚು ಪಡಬೇಕಾದ್ದಿಲ್ಲ. ಆ ಗೆಲವು ಪಾರ್ಕಿನಲ್ಲಿ ಲಾಠಿ ತಿಂದವನದೂ ಹೌದು. ಆದರೆ ಆ 20 ಮಂದಿಯ ನಡುವೆ ನಮ್ಮ ಗಿರಣಿಯವನೊಬ್ಬ ಏಕಿರಲಿಲ್ಲವೆಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು.

ಕೈಗೆ ಬಂದ ಫೋನು

ಇಂಗ್ಲಿಷಿನ ಕಟ್ಟೆಯಿಂದ ಇಳಿದುಬರುವ ಯತ್ನಗಳು ನಮ್ಮ ನಾಡಿನಲ್ಲಿ ನಡೆದಿವೆ. ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ ‘ಸಂಗಮ’ವು ಇಂಗ್ಲಿಷ್ ಬಲ್ಲವರ ಪುಸ್ತಕಾಲಯವಾಗಿಯೇ ಉಳಿಯಲಿಲ್ಲ; ಇಂಗ್ಲಿಷ್ ಬಾರದ ಬಡವರ ನಡುವೆ, ಹಿಜಡಾಗಳ ನಡುವೆ ಕೆಲಸಕ್ಕಿಳಿಯಿತು. “ಲೈಂಗಿಕ ಅಲ್ಪಸಂಖ್ಯಾತರು” ಎಂಬ ಮಾತು ಕರ್ನಾಟಕದ ಸಭೆಗಳಲ್ಲಿ ರೂಢಿಗೆ ಬಂದದ್ದು ಇಂಥ ಕೆಲಸದಿಂದ. 2013ರಲ್ಲಿ ಸಂಡೂರಿನವರಾದ ವಸುಧೇಂದ್ರರು ‘ಮೋಹನಸ್ವಾಮಿ’ ಕಥಾಸಂಕಲನವನ್ನು ಪ್ರಕಟಿಸಿದರು. ಗಂಡನ್ನು ಪ್ರೀತಿಸುವ ಗಂಡಿನ ಬಾಳು ಹಾಸ್ಯವಾಗದೆ, ಬೈಗುಳವಾಗದೆ, ಕನ್ನಡದ ಕಥೆಗಳಲ್ಲಿ ನೇರವಾಗಿ ಬಂದಿತು. ಬಳ್ಳಾರಿ ಸೀಮೆಯ ಗಣಿಯೂರಿನಲ್ಲಿ ಹುಟ್ಟಿ ಬೆಳೆದವರು ಬರೆದದ್ದನ್ನು “ಪಶ್ಚಿಮದ ಗಾಳಿ” ಎನ್ನುವವರಿಗೆ ಸಂಡೂರು ಯಾವ ದಿಕ್ಕಿನಲ್ಲಿದೆಯೆಂದು ತೋರಿಸಬೇಕಾಗಿದೆ.

2016ರಲ್ಲಿ ಹೊಸದೊಂದು ಕಂಪನಿ ಪೈಪೋಟಿಗಿಳಿದ ಮೇಲೆ ಮೊಬೈಲಿನ ಅಂತರಜಾಲ ದಿಢೀರನೆ ಅಗ್ಗವಾಯಿತು. ಅಲ್ಲಿಯವರೆಗೆ ಕಂಪ್ಯೂಟರು ಕಾಣದ ಮನೆಗಳಿಗೂ ಕಟ್ಟೆ ಬಂತು. ಇಂದು ಹಮಾಲಿಯ ಮಗನ ಅಂಗೈಯಲ್ಲೂ ಅದುಂಟು. ಇಂಗ್ಲಿಷು ಬಾರದವನು ಕನ್ನಡದ ಮಾತು ಕೇಳಿ, ಚಿತ್ರ ನೋಡಿ ತನ್ನಂಥವರಿದ್ದಾರೆಂದು ತಿಳಿಯುತ್ತಾನೆ. ನಮ್ಮ ಹಿರಿಯರ ಕಣ್ಣಿಗೆ ಇದ್ದಕ್ಕಿದ್ದಂತೆ ಇವರು ಹೆಚ್ಚಿದಂತೆ ಕಾಣುವುದಕ್ಕೆ ಕಾರಣ ಇದೇ. ದೀಪ ಹಚ್ಚಿದಾಗ ಕೋಣೆಯಲ್ಲಿದ್ದವರು ಕಾಣುತ್ತಾರೆ. ದೀಪ ಅವರನ್ನು ಹೆರುವುದಿಲ್ಲ.

ಆದರೆ ಈ ದೀಪವೂ ಎಲ್ಲರ ಕೈಯಲ್ಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಎಂದಾದರೂ ಅಂತರಜಾಲ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು ನೂರಕ್ಕೆ 33. ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಾವೇ ಬಳಸುವ ಫೋನಿಲ್ಲ. ಇರುವ ಫೋನು ಅಣ್ಣನ ಕೈಯಲ್ಲಿ, ಗಂಡನ ಕೈಯಲ್ಲಿ. ಮಗಳೊಬ್ಬಳು ಗೆಳತಿಯೊಡನೆ ಹೆಚ್ಚು ಮಾತಾಡಿದಳೆಂಬ ಸಂಶಯ ಬಂದರೆ ಮೊದಲು ಕಸಿಯುವುದು ಅದನ್ನೇ. ಹುಡುಗನಿಗೆ ಪಾರ್ಕಿನ ಕತ್ತಲೆಯಾದರೂ ಇತ್ತು, ಹುಡುಗಿಗೆ ಅದೂ ಇರಲಿಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣು ಹೆಚ್ಚು ಕಾಣದಿರುವುದು ಅವಳು ಕಡಿಮೆ ಇರುವುದರಿಂದಲ್ಲ, ಅವಳ ಬಾಗಿಲಿಗೆ ಎರಡು ಬೀಗಗಳಿರುವುದರಿಂದ.

ಕಟ್ಟೆಯ ಯಜಮಾನರು

ಇಷ್ಟು ಹೇಳಿ ಅಂತರಜಾಲಕ್ಕೆ ಜಯಕಾರ ಹಾಕಿ ಮುಗಿಸಿದರೆ ನಾವು ಅರ್ಧ ಸತ್ಯ ಹೇಳಿದಂತಾದೀತು. ಅರಳಿಕಟ್ಟೆ ಊರಿನದು. ಈ ಕಟ್ಟೆ ಯಾರದು?

ಗ್ರೈಂಡರ್ ಎಂಬ ಆ್ಯಪು 2009ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಹತ್ತಿರದಲ್ಲಿ ತನ್ನಂಥವರು ಎಷ್ಟು ದೂರದಲ್ಲಿದ್ದಾರೆಂದು ಅದು ತೋರಿಸುತ್ತದೆ. ಒಂಟಿತನದಲ್ಲಿ ಬೇಯುವವನಿಗೆ ಅದು ನೀರಿನ ಬಾವಿ. ಆದರೆ ಆ ಬಾವಿಯನ್ನು ಬಂಡವಾಳಗಾರರು ಸಂತೆಯ ಎಮ್ಮೆಯಂತೆ ಕೈಯಿಂದ ಕೈಗೆ ಮಾರಿದರು. 2016ರಲ್ಲಿ ಅದರ ಹೆಚ್ಚಿನ ಪಾಲನ್ನು ಚೀನದ ಕಂಪನಿಯೊಂದು ಕೊಂಡಿತು. ತನ್ನ ಪ್ರಜೆಗಳ ಗುಟ್ಟು ಪರದೇಶದ ಕೈಗೆ ಹೋಯಿತೆಂದು ಅಮೆರಿಕದ ಸರ್ಕಾರ ಹೌಹಾರಿ ಮಾರಾಟಕ್ಕೆ ಒತ್ತಾಯಿಸಿತು. 2020ರಲ್ಲಿ 60 ಕೋಟಿ ಡಾಲರಿಗೂ ಮೇಲ್ಪಟ್ಟ ಬೆಲೆಗೆ ಅದು ಮತ್ತೆ ಕೈಬದಲಾಯಿತು. 2022ರಲ್ಲಿ ನ್ಯೂಯಾರ್ಕಿನ ಷೇರು ಪೇಟೆಗೆ ಬಂತು. ನಡುವೆ, 2018ರಲ್ಲಿ, ಸದಸ್ಯರಿಗೆ ಎಚ್‌ಐವಿ ಇದೆಯೋ ಇಲ್ಲವೋ ಎಂಬ ಅತ್ಯಂತ ಗುಟ್ಟಿನ ಮಾಹಿತಿಯನ್ನೇ ಅದು ಬೇರೆರಡು ಕಂಪನಿಗಳಿಗೆ ಕೊಡುತ್ತಿದ್ದದ್ದು ಬಯಲಾಯಿತು. ಸದಸ್ಯರ ಮಾಹಿತಿಯನ್ನು ಜಾಹೀರಾತಿನವರಿಗೆ ಕೊಟ್ಟ ತಪ್ಪಿಗೆ 2021ರಲ್ಲಿ ನಾರ್ವೆಯ ಸರ್ಕಾರಿ ಸಂಸ್ಥೆ ಆರೂವರೆ ಕೋಟಿ ಕ್ರೋನರ್ ಜುಲ್ಮಾನೆ ಹಾಕಿತು. ಮನುಷ್ಯನ ಒಂಟಿತನವೂ ಹತ್ತಿಯಂತೆ ಕಚ್ಚಾಮಾಲಾದ ಕಥೆಯಿದು.

ಯಜಮಾನನು ಮನಸ್ಸು ಮಾಡಿದರೆ ಕಟ್ಟೆಯನ್ನೇ ಕೆಡವಬಲ್ಲ. ಚೀನದಲ್ಲಿ 2021ರ ಜುಲೈಯಲ್ಲಿ ವೀಚ್ಯಾಟ್ ಎಂಬ ಜಾಲವು ವಿಶ್ವವಿದ್ಯಾಲಯಗಳ ಗೇ, ಲೆಸ್ಬಿಯನ್ ವಿದ್ಯಾರ್ಥಿಗಳ ಹತ್ತಾರು ಬಳಗಗಳ ಖಾತೆಗಳನ್ನು ಹಠಾತ್ತನೆ ಮುಚ್ಚಿಹಾಕಿತು. ವರ್ಷಗಟ್ಟಲೆ ಕೂಡಿಟ್ಟ ಬರಹ, ಸಂಪರ್ಕ, ಎಲ್ಲಕ್ಕೂ ಒಂದೇ ರಾತ್ರಿಗೆ ಬಾಗಿಲು.

ಇನ್ನು ಪೊಲೀಸಿನವರು. 2001ರಲ್ಲಿ ಈಜಿಪ್ಟಿನ ಕೈರೋದಲ್ಲಿ 52 ಮಂದಿಯ ಮೇಲೆ ಮೊಕದ್ದಮೆ ಹೂಡಿದ ಆ ದಿನಗಳಿಂದ ಅಲ್ಲಿನ ಪೊಲೀಸರು ಅಂತರಜಾಲದಲ್ಲಿ ಗೆಳೆಯರಂತೆ ನಟಿಸಿ ಜನರನ್ನು ಬಲೆಗೆ ಕೆಡವತೊಡಗಿದರು. ನಮ್ಮವರೇನೂ ಹಿಂದೆ ಬೀಳಲಿಲ್ಲ. 2006ರ ಜನವರಿಯಲ್ಲಿ ಲಖ್ನೋ ಪೊಲೀಸರು ಇಂಥದೇ ಜಾಲತಾಣವೊಂದರಲ್ಲಿ ತಾವೂ ಸದಸ್ಯರೆಂದು ನಟಿಸಿ ಒಬ್ಬನನ್ನು ಹಿಡಿದು, ಅವನಿಂದಲೇ ಉಳಿದವರಿಗೆ ಫೋನು ಮಾಡಿಸಿ, ನಾಲ್ವರನ್ನು ದಸ್ತಗಿರಿ ಮಾಡಿದರು. ಕೊಲೆಗಾರರನ್ನು ಹಿಡಿಯಲು ತೋರದ ಚಾತುರ್ಯ ಸ್ನೇಹಿತರನ್ನು ಹಿಡಿಯಲು ಬಂತು!

ಕಾಯಿದೆ ಬದಲಾದ ಮೇಲೆ ಪೊಲೀಸಿನವನ ಜಾಗಕ್ಕೆ ಪುಂಡನು ಬಂದಿದ್ದಾನೆ. ಆ್ಯಪಿನಲ್ಲಿ ಸ್ನೇಹದ ಮಾತಾಡಿ, ಒಂದು ಕೋಣೆಗೆ ಕರೆದು, ನಾಲ್ಕು ಮಂದಿ ಮುತ್ತಿ, ಚಿತ್ರ ತೆಗೆದು, ಮನೆಯವರಿಗೆ ತೋರಿಸುತ್ತೇವೆಂದು ಹೆದರಿಸಿ ಹಣ ಕೀಳುವುದು ದಂಧೆಯಾಗಿದೆ. ಬೆಂಗಳೂರು, ದೆಹಲಿಗಳಂಥ ನಗರಗಳಲ್ಲಿ ಇಂಥ ಪ್ರಕರಣಗಳು ದಾಖಲಾಗಿವೆ. ಠಾಣೆಗೆ ಬಾರದವು ಎಷ್ಟಿದ್ದಾವು? ವ್ಯಾಪಾರಿ ಬಂಧುಗಳೇ, ಇದು ನಿಮ್ಮ ಪೇಟೆಬೀದಿಯ ವಿಷಯ. ಗಲ್ಲಾದ ಹಣ ಏಕೆ ಸೋರುತ್ತಿದೆಯೆಂದು ಹೆಂಡತಿಗೂ ಹೇಳಲಾರದೆ, ಪಾಲುದಾರನಿಗೂ ಹೇಳಲಾರದೆ, ತಿಂಗಳು ತಿಂಗಳು ತೆರುತ್ತ ಕೂತ ಮನುಷ್ಯ ನಿಮ್ಮ ಪಕ್ಕದ ಅಂಗಡಿಯವನಾಗಿರಬಹುದು. ಸುಲಿಗೆಗಾರನ ಬಂಡವಾಳ ನಮ್ಮ ಅಸಹ್ಯ. ನಾವು ನಗುವುದನ್ನು ಬಿಟ್ಟ ದಿನ ಅವನ ಅಂಗಡಿ ಮುಚ್ಚುತ್ತದೆ.

“ಹೊಟ್ಟೆಗೆ ಹಿಟ್ಟಿಲ್ಲ” ಎನ್ನುವವರಿಗೆ

ಕೂಲಿಯ ಹೋರಾಟ, ಬೋನಸಿನ ಹೋರಾಟ ಬಿಟ್ಟು ಇದೆಲ್ಲ ಏಕೆ, ಒಗ್ಗಟ್ಟು ಒಡೆಯುವುದಿಲ್ಲವೇ ಎಂದು ಕೆಲವು ಹಿರಿಯ ಸಂಗಾತಿಗಳು ಕೇಳಿಯಾರು. ಅವರಿಗೆ ಬ್ರಿಟನ್ನಿನ ಗಣಿ ಕಾರ್ಮಿಕರು ಉತ್ತರ ಕೊಟ್ಟಿದ್ದಾರೆ. 1984-85ರಲ್ಲಿ ಥ್ಯಾಚರ್ ಸರ್ಕಾರದ ವಿರುದ್ಧ ಅವರು ಒಂದು ವರ್ಷ ಮುಷ್ಕರ ಹೂಡಿದರು. ಸಂಘದ ಹಣವನ್ನು ಸರ್ಕಾರ ಮತ್ತು ಕೋರ್ಟುಗಳು ಬಿಗಿಹಿಡಿದಾಗ, ಲಂಡನಿನ ಗೇ ಮತ್ತು ಲೆಸ್ಬಿಯನ್ ಜನ ಡಬ್ಬಿ ಹಿಡಿದು ಚಂದಾ ಎತ್ತಿ ದಕ್ಷಿಣ ವೇಲ್ಸಿನ ಗಣಿಯೂರುಗಳಿಗೆ ಕಳಿಸಿದರು. ಅವರು ಕೂಡಿಸಿದ ಮೊತ್ತ 20,000 ಪೌಂಡಿಗೂ ಹೆಚ್ಚು. ಗಣಿಯವರು ಆ ಋಣವನ್ನು ಮರೆಯಲಿಲ್ಲ. 1985ರಲ್ಲಿ ಲಂಡನಿನ ಗೇ ಜನರ ಮೆರವಣಿಗೆಯಲ್ಲಿ ತಮ್ಮ ಬ್ಯಾನರು ಹಿಡಿದು ಮುಂದೆ ನಡೆದರು. ಅದೇ ವರ್ಷ ಲೇಬರ್ ಪಕ್ಷದ ಸಮ್ಮೇಳನದಲ್ಲಿ ಇವರ ಹಕ್ಕುಗಳ ಠರಾವಿಗೆ ಗಣಿ ಕಾರ್ಮಿಕರ ಸಂಘ ಮತ ಹಾಕಿತು, ಠರಾವು ಪಾಸಾಯಿತು. ಅಲ್ಲಿ ಒಗ್ಗಟ್ಟು ಒಡೆಯಿತೋ, ಬೆಳೆಯಿತೋ?

ಇನ್ನೊಂದು ಮಾತು. ಅಲ್ಲಿ ಅದು ಸಾಧ್ಯವಾದದ್ದು ಡಬ್ಬಿ ಹಿಡಿದವರೂ ಗಣಿಯವರೂ ಒಂದೇ ಕೋಣೆಯಲ್ಲಿ ಕೂತು ಮುಖ ನೋಡಿ ಮಾತಾಡಿದ್ದರಿಂದ. ಫೋನಿನ ಕಟ್ಟೆಯಲ್ಲಿ ಹೆಸರು ಸಿಗುತ್ತದೆ, ಗೆಳೆಯ ಸಿಗುತ್ತಾನೆ. ಆದರೆ ಕೆಲಸದಿಂದ ತೆಗೆದಾಗ ಪರವಾಗಿ ನಿಲ್ಲುವವರು, ಮನೆಯಿಂದ ಹೊರಹಾಕಿದಾಗ ಒಂದು ರಾತ್ರಿ ಚಾಪೆ ಕೊಡುವವರು, ಠಾಣೆಗೆ ಜೊತೆಗೆ ಬರುವವರು ಊರಿನಲ್ಲೇ ಸಿಗಬೇಕು. ಅವರು ನಾವಲ್ಲದೆ ಇನ್ನಾರು?

ಈಗೇನು ಮಾಡತಕ್ಕದ್ದು

ಸಂಘದ ಕಚೇರಿಯ ಕಟ್ಟೆ ಎಲ್ಲ ದುಡಿಯುವವರದೆಂದು ಬಾಯಿಬಿಟ್ಟು ಹೇಳೋಣ. ಯಾರನ್ನು ಪ್ರೀತಿಸುತ್ತಾನೆಂಬ ಕಾರಣಕ್ಕೆ ಒಬ್ಬನನ್ನು ಪಾಳಿಯಲ್ಲಿ ಪೀಡಿಸಿದರೆ ಅದು ಕೂಲಿ ಕಡಿದಷ್ಟೇ ದೊಡ್ಡ ದೂರೆಂದು ಸಂಘ ಗಣಿಸಲಿ. ಗಿರಣಿಯೊಳಗಿನ ಬೈಗುಳವನ್ನು ಮೊದಲು ನಮ್ಮ ಬಾಯಿಂದಲೇ ತೆಗೆಯೋಣ; ಇದಕ್ಕೆ ಮಾಲೀಕನ ಅಪ್ಪಣೆ ಬೇಕಿಲ್ಲ, ಖರ್ಚೂ ಇಲ್ಲ.

ಕಾನೂನನ್ನು ಕನ್ನಡದಲ್ಲಿ ಹೇಳೋಣ. 2018ರ ತೀರ್ಪಿನ ನಂತರ ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ನೆಯ ಕಲಮೇ ಇಲ್ಲ. ಹೆದರಿಸಿ ಹಣ ಕೀಳುವುದು ಮಾತ್ರ ಅಪರಾಧ. ಅದಕ್ಕೆ ಆ ಸಂಹಿತೆಯ 308ನೆಯ ಕಲಮಿದೆ. ಹಾಗೆಯೇ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಾಧೀಶರು ತೀರ್ಪು ಕೊಟ್ಟಾಗ, ಯಾರನ್ನು ಪ್ರೀತಿಸಬೇಕೆಂಬುದೂ ಅದರೊಳಗೆ ಸೇರಿತು. ಆ ಖಟ್ಲೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು. ಅವರು ಹೋರಾಡಿದ್ದು ಆಧಾರ್ ಚೀಟಿಯ ವಿಷಯದಲ್ಲಿ. ಫಲ ಸಂದದ್ದು ಎಲ್ಲರಿಗೂ. ಒಬ್ಬನ ಹಕ್ಕಿನ ಬೇಲಿ ಎಲ್ಲರ ಹೊಲವನ್ನು ಕಾಯುತ್ತದೆ.

ಜನರ ಗುಟ್ಟನ್ನು ಮಾರುವ ಕಂಪನಿಗಳಿಗೆ ನಾರ್ವೆಯಂಥ ಚಿಕ್ಕ ದೇಶ ಜುಲ್ಮಾನೆ ಹಾಕಬಲ್ಲದಾದರೆ ನಮ್ಮ ಸರ್ಕಾರವೂ ಹಾಕಲೆಂದು ಒತ್ತಾಯಿಸೋಣ. ಮಗಳ ಕೈಯಿಂದ ಫೋನು ಕಸಿಯುವ ಮುನ್ನ, ಅವಳು ಅದರಲ್ಲಿ ಹುಡುಕುತ್ತಿರುವುದು ಮನೆಯಲ್ಲಿ ಸಿಗದ ಒಂದು ಒಳ್ಳೆಯ ಮಾತನ್ನು ಎಂಬುದನ್ನು ಹೆತ್ತವರು ನೆನೆಯಲಿ. ಮಗನಿಗೆ ಹೆಣ್ಣು ಗೊತ್ತುಮಾಡುವ ಮುನ್ನ ಅವನ ಮನಸ್ಸನ್ನು ಕೇಳಲಿ, ಕೇಳಿದ ಮೇಲೆ ಹೊಡೆಯದಿರಲಿ. ಬಾಡಿಗೆಗೆ ಕೋಣೆ ಕೊಡುವವರು ಬಾಡಿಗೆ ಕೇಳಲಿ, ಹಾಸಿಗೆಯ ವಿಚಾರಣೆ ಮಾಡದಿರಲಿ.

ಕಟ್ಟೆ ಸಿರಿವಂತರ ಸೊತ್ತಾಗಿದ್ದಾಗ “ನಾವು” ಎಂಬ ಪದವೂ ಸಿರಿವಂತರದಾಗಿತ್ತು. ಈಗ ಆ ಪದ ಗಿರಣಿಯ ಸಾಲುಮನೆಗೂ ಪೇಟೆಬೀದಿಗೂ ಬಂದಿದೆ. ಅದನ್ನು ಪಿಡುಗೆಂದು ಓಡಿಸುತ್ತೇವೆಯೋ, ನಮ್ಮ “ನಾವು” ಒಳಗೆ ಸೇರಿಸಿಕೊಳ್ಳುತ್ತೇವೆಯೋ ಎಂಬುದನ್ನು ದೆಹಲಿಯ ಕೋರ್ಟು ತೀರ್ಮಾನಿಸಲಾರದು. ಅದನ್ನು ನಮ್ಮ ಊರು, ನಮ್ಮ ಸಂಘ, ನಮ್ಮ ಮನೆ ತೀರ್ಮಾನಿಸಬೇಕು.